ಹಳೇ ಪಾರ್ಟು

ಆ ಹಳೆಯ ಆಟೋಮ್ಯಾಟಿಕ್ ಎಸ್‌ಯುವಿ ಗ್ಯಾರೇಜಿಗೆ ಬಂದು ಮೂರು ದಿನವಾಗಿತ್ತು. ಪಾರ್ಕಿಂಗಿನಲ್ಲಿಟ್ಟ ಗೇರು ತಾನಾಗಿಯೇ ರಿವರ್ಸಿಗೆ ಜಾರುತ್ತದೆ ಎಂಬುದು ಮಾಲೀಕನ ದೂರು. ಹೋದ ತಿಂಗಳು ಗಾಡಿ ಹಾಗೆ ಹಿಂದಕ್ಕೆ ಸರಿದಾಗ ಅದರ ಹಿಂದೆ ಅವನ ನಾಲ್ಕು ವರ್ಷದ ಮಗಳಿದ್ದಳು. ಅವಳು ಉಳಿಯಲಿಲ್ಲ.

ಮೆಕ್ಯಾನಿಕ್ ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಮಾಲೀಕನ ಬಳಿ ಬಂದ.

“ಗೇರ್ ಆಯಿಲ್ ನೋಡ್ದೆ, ಕೇಬಲ್ ಬಿಚ್ಚಿ ನೋಡ್ದೆ, ಸ್ಕ್ಯಾನರ್ ಹಾಕ್ದೆ. ಇಂಜಿನ್ ಆನ್ ಮಾಡಿ ಇಳಿಜಾರಲ್ಲಿ ಒಂದು ಗಂಟೆ ನಿಲ್ಲಿಸ್ದೆ. ಜಾರ್ಲಿಲ್ಲ ಸಾರ್.”

“ಹಳೇ ಗಾಡಿ ಅಲ್ವಾ.”

“ಹಳೇದೇ. ಆದ್ರೆ ಬ್ರೇಕ್ ಒತ್ತದೆ ಲಿವರ್ ಪಾರ್ಕಿಂಗಿಂದ ಅಲ್ಲಾಡೋದೇ ಇಲ್ಲ. ಹೇಳೋಕೆ ಬೇಜಾರು ಸಾರ್. ಅವತ್ತು ರಿವರ್ಸಲ್ಲೇ ಬಿಟ್ಟು ಬ್ರೇಕಿಂದ ಕಾಲು ತೆಗ್ದಿದೀರ.”

ಮಾಲೀಕ ತಲೆಯಾಡಿಸಿದ. ಮುಖದಲ್ಲಿ ಏನೂ ಬದಲಾಗಲಿಲ್ಲ.

“ಪಾರ್ಟ್ ಬದಲಾಯಿಸಿದ್ರೆ ಹಳೇದನ್ನ ಗಿರಾಕಿ ಕೈಗೇ ಕೊಡ್ತೀರಲ್ವಾ?”

“ಕೊಡ್ತೀವಿ, ನಂಬಿಕೆ ಬರ್ಲಿ ಅಂತ. ನಿಮ್ಮ ಗಾಡೀಲಿ ನಾನೇನೂ ಬದಲಾಯಿಸಿಲ್ವಲ್ಲ.”

ಮಾಲೀಕ ಮೂಲೆಯಲ್ಲಿದ್ದ ಗುಜರಿ ಡಬ್ಬದ ಕಡೆ ನೋಡಿದ.

“ಅದ್ರಲ್ಲಿ ಸವೆದಿರೋದೋ ಮುರಿದಿರೋದೋ ಒಂದು ಕೊಡಿ. ಕವರಲ್ಲಿ ಹಾಕಿ.”

ಮೆಕ್ಯಾನಿಕ್ ದನಿ ಗಡುಸಾಯಿತು. “ಯಾರಿಗೆ ತೋರ್ಸೋಕೆ? ಪೊಲೀಸ್ನೋರಿಗಾ?”

“ನನ್ನ ಹೆಂಡತಿಗೆ. ಅವತ್ತು ಗಾಡಿ ಓಡಿಸಿದ್ದು ಅವಳು.”