ಥಾವ್ರಿ ಹೊಲಿದ ಲಂಗ

ಹೊಲಿಯುವಾಗ ಆಡಿದ ಮಾತು ಕಸೂತಿಯಲ್ಲೇ ಉಳಿದು, ಉಟ್ಟವರು ನಡೆದಾಗ ಕೇಳಿಸುವುದು ಯಾರಿಗೂ ಹೊಸತಾಗಿರಲಿಲ್ಲ. ಮುಂಬಯಿಯ ಫ್ಯಾಷನ್ ಶೋಗೆ ಅತಿಥಿಯಾಗಿ ಬಂದ ಲಂಬಾಣಿ ಮುದುಕಿ ಸಕ್ರಿಬಾಯಿ ಮುಂದಿನ ಸಾಲಿನಲ್ಲಿ ಒಬ್ಬಳೇ ಮುದುಡಿ ಕೂತಿದ್ದಳು. ಕನ್ನಡಿಬಿಲ್ಲೆಯ ಲಂಗ ತೊಟ್ಟ ರೂಪದರ್ಶಿ ಹತ್ತಿರ ಬರುತ್ತಲೇ ತೀರಿಹೋದ ಅಕ್ಕ ಥಾವ್ರಿಯ ದನಿ ಕೇಳಿಸಿತು: "ಸಕ್ರೀ, ರೊಟ್ಟಿ ಆರಾಕತ್ತಾವ, ಲಗೂನ ಬಾ!"

ಲಂಬಾಣಿ ಮಾತು ತಿಳಿಯದ ಸಭಿಕರು ಹಾಡೆಂದುಕೊಂಡು ಚಪ್ಪಾಳೆ ತಟ್ಟಿದರು.

ಬಹಳ ದಿನಕ್ಕೆ ಸಿಕ್ಕವರನ್ನು ತಬ್ಬಿ, ರಾಗ ಎಳೆದು ಅಳುವುದು ತಾಂಡಾದ ಹೆಂಗಸರ ಪದ್ಧತಿ. ಸಕ್ರಿಬಾಯಿ ಎದ್ದು ಹೋಗಿ ಆ ಹುಡುಗಿಯನ್ನು ತಬ್ಬಿ ರಾಗ ಎಳೆದಳು. ಹುಡುಗಿ ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟಳು. ಲಂಗ ಸುಮ್ಮನಾಯಿತು.

"ನಡಿಯವ್ವಾ, ನಡಿ," ಎಂದು ಸಕ್ರಿಬಾಯಿ ಕೈ ಸಡಿಲಿಸಿದಳು.

ಅಕ್ಕ ರೊಟ್ಟಿಗೆ ಕರೆಯುತ್ತ ಕರೆಯುತ್ತ ದೂರವಾದಳು.