ನೀಮಾಳ ಶುಕ್ರವಾರ

"ಆ ಮುಂದಿನ ಆಟೋ ಹಿಂದೆ ಹೋಗಪ್ಪ. ತೀರಾ ಹತ್ರ ಬೇಡ."

ಸೊಣ್ಣಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಟೋದವನು ಕನ್ನಡಿಯಲ್ಲಿ ಅವಳನ್ನು ನೋಡಿ ನಕ್ಕ. "ಏನಮ್ಮ, ಪೊಲೀಸ್ ಕಡೆಯವ್ರಾ?"

ಅವಳ ಕಿವಿ ಬಿಸಿಯಾಯಿತು. ಈ ವಯಸ್ಸಿನಲ್ಲಿ ಬಾಡಿಗೆಯವಳ ಬೆನ್ನು ಹತ್ತಿ ಹೊರಟಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೆ ಬೀದಿಯವರ ಬಾಯಿಗೆ ಬೀಳುವ ನಾಚಿಕೆ ಇದಕ್ಕಿಂತ ದೊಡ್ಡದು.

ಬಿಟಿಎಂ ಲೇಔಟಿನಲ್ಲಿ, ಮಾವ ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ಸೊಣ್ಣಮ್ಮನ ಮೂರು ಅಂತಸ್ತಿನ ಮನೆ ನಿಂತಿತ್ತು. ಮೇಲಿನ ಅಂತಸ್ತಿನಲ್ಲಿ ಟಾಂಜಾನಿಯಾದಿಂದ ಓದಲು ಬಂದು ಕನ್ನಡವನ್ನೂ ಕಲಿತಿದ್ದ ಇಮ್ಯಾನುಯಲ್ ಮತ್ತು ಅವನ ಹೆಂಡತಿ ನೀಮಾ. ಅವನು ಬೆಳಿಗ್ಗೆ ಕಾಲೇಜಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಮರಳುವುದು. ನೀಮಾ ತನ್ನ ಊರಿನಲ್ಲಿ ಯಾವುದೋ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಳಂತೆ. ಗಂಡನ ವೀಸಾ ಹಿಡಿದು ಬಂದವಳಿಗೆ ಇಲ್ಲಿ ನೌಕರಿ ಮಾಡುವಂತಿರಲಿಲ್ಲ.

ಹಾಗಾಗಿ ಅವಳ ವಾರ ಸೊಣ್ಣಮ್ಮನಿಗೆ ಬಾಯಿಪಾಠವಾಗಿತ್ತು. ಸೋಮವಾರ ಮಹಡಿಯ ಮೇಲೆ ಬಟ್ಟೆ. ಮಂಗಳವಾರ ಮಡಿವಾಳ ಮಾರ್ಕೆಟ್ಟಿನಿಂದ ಬಾಳೆಕಾಯಿ, ಸೊಪ್ಪು. ನಡುವೆ ಪಕ್ಕದ ಮನೆಯ ಮಕ್ಕಳೊಂದಿಗೆ ಮೆಟ್ಟಿಲ ಮೇಲೆ ಕೂತು ಕನ್ನಡ ಕಲಿಕೆ. ಭಾನುವಾರ ಚರ್ಚು. ಎಲ್ಲ ಸರಿಯೇ.

ತಕರಾರು ಶುಕ್ರವಾರದ್ದು.

ಮಳೆಗಾಲ ಮುಗಿದಾಗಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಅವಳು ಉಬ್ಬಿದ ಚೀಲ ಹೊತ್ತು ಹೊರಡುತ್ತಿದ್ದಳು. ಸಂಜೆ ಮರಳುವಾಗ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಮೈಯಿಂದ ಎಂಥದೋ ಎಣ್ಣೆಯ ಘಮ. ಮೆಟ್ಟಿಲು ಹತ್ತುವಷ್ಟೂ ತ್ರಾಣವಿಲ್ಲದಂಥ ದಣಿವು, ಮುಖದಲ್ಲಿ ಮಾತ್ರ ನಗು. ಹೋದ ವಾರ ಮೆಟ್ಟಿಲ ತಿರುವಿನಲ್ಲಿ ಅವಳು ಫೋನಿನಲ್ಲಿ ಆಡಿದ್ದನ್ನು ಸೊಣ್ಣಮ್ಮ ಕಿವಿಯಾರೆ ಕೇಳಿದ್ದಳು.

"ಭಯ ಬೇಡ. ಶುಕ್ರವಾರ ನಾನು ಬರ್ತೀನಲ್ಲ. ನನ್ನ ಗಟ್ಟಿ ಹಿಡ್ಕೊಳ್ಳಿ, ಅಷ್ಟೇ."

ಆ ಕಡೆಯಿಂದ ಕೇಳಿದ್ದು ಗಂಡಸಿನ ಗೊಗ್ಗರು ದನಿ.

ಆ ದಿನವೇ ಊಟಕ್ಕೆ ಕೂತ ಗಂಡನೆದುರು ಸೊಣ್ಣಮ್ಮ ಸಿಡಿದಿದ್ದಳು. "ಮೇಲಿನವ್ರನ್ನ ಖಾಲಿ ಮಾಡ್ಸಿ. ಆ ಹುಡುಗ ಪಾಪ ಓದ್ತಾ ಕೂತಿದಾನೆ, ಇವ್ಳು ಇಲ್ಲಿ ಮೆರೀತಾವ್ಳೆ."

ತಿಮ್ಮರಾಯಪ್ಪ ತಲೆಯೆತ್ತಲಿಲ್ಲ. "ಆ ಮಗು ತಂಟೆಗೆ ಹೋಗ್ಬೇಡ. ಅವ್ಳಂಥ ಹುಡುಗಿ ಸಿಗಾಕಿಲ್ಲ."

ಬಾಡಿಗೆಯವರು ನಲ್ಲಿ ಬಿಟ್ಟರೂ ಗೊಣಗುವ ಮನುಷ್ಯ! ಇತ್ತೀಚೆಗೆ ಅವನು ನೀಮಾಳಿಗೆ ಎಳನೀರು ತಂದು ಕೊಡುವುದನ್ನೂ ಅವಳು ಗಮನಿಸಿದ್ದಳು.

"ಮಾನದ ವಿಷ್ಯ ಬಂದ್ರೆ ಹೆತ್ತ ಮಗನ್ನೇ ಬಿಟ್ಟೋಳು ನಾನು," ಎಂದಳು ಸೊಣ್ಣಮ್ಮ. "ಇವ್ಳು ಯಾವ ಲೆಕ್ಕ?"

ರೇವಂತ್ ಬೇರೆ ಜಾತಿಯ ಸೌಮ್ಯಳನ್ನು ಮದುವೆಯಾಗಿ ಬಂದ ದಿನ ಹೊಸಿಲು ದಾಟಲು ಅವಳು ಬಿಟ್ಟಿರಲಿಲ್ಲ. ಆಮೇಲೆ ಅವನ ಹೆಸರನ್ನೂ ಎತ್ತಗೊಡಲಿಲ್ಲ. ಎತ್ತಿದವರ ಜೊತೆ ಮಾತು ಬಿಟ್ಟಿದ್ದಳು. ತಿಮ್ಮರಾಯಪ್ಪ ಅರ್ಧ ಮುದ್ದೆ ಬಿಟ್ಟು ಎದ್ದ.

ಪದ್ಮನಾಭನಗರದ ಒಂದು ಅಡ್ಡರಸ್ತೆಯಲ್ಲಿ ಮುಂದಿನ ಆಟೋ ನಿಂತಿತು. ನೀಮಾ ಬೆಲ್ ಒತ್ತಲಿಲ್ಲ. ಸ್ವಂತ ಮನೆಯೆಂಬಂತೆ ಗೇಟು ತೆಗೆದು ಒಳಗೆ ನಡೆದಳು.

ಸೊಣ್ಣಮ್ಮ ಎದುರಿನ ಹೊಂಗೆ ಮರದ ಮರೆಯಲ್ಲಿ ನಿಂತಳು. ಹೂ ಮಾರುವವಳೊಬ್ಬಳು ಅವಳನ್ನು ಮೇಲಿಂದ ಕೆಳಗೆ ನೋಡಿ ಮುಂದೆ ಹೋದಳು. ಕಳ್ಳಿಯ ಹಾಗಾಯಿತಲ್ಲ ಎನ್ನಿಸಿತು. ತಿರುಗಿ ಹೋಗಿಬಿಡಲೇ? ಅಷ್ಟರಲ್ಲಿ ಸೆಕೆಗೆಂದು ಒಳಗಿನಿಂದ ಯಾರೋ ಕಿಟಕಿ ತೆರೆದರು. ಅವಳ ಕಾಲು ತಾನಾಗಿ ಕಾಂಪೌಂಡಿನತ್ತ ನಡೆಯಿತು.

ಒಳಗೆ ನೀಮಾ. ಅವಳ ಎದುರಿಗೆ, ಕಿಟಕಿಗೆ ಬೆನ್ನು ಮಾಡಿ, ಬನಿಯನ್ನಿನಲ್ಲಿದ್ದ ಒಬ್ಬ ಗಂಡಸು. ಬಡಕಲು ಮೈ. ಬೋಳಿಸಿದ ತಲೆಯಲ್ಲಿ ಆಗಷ್ಟೇ ಚಿಗುರಿದ ಕೂದಲು. ಅವನ ಎರಡೂ ತೋಳು ಅವಳ ಕೊರಳು ಬಳಸಿದ್ದವು. ಅವಳ ಕೈ ಅವನ ಸೊಂಟದಲ್ಲಿತ್ತು. ಅವನ ಹಣೆ ಅವಳ ಭುಜಕ್ಕೆ ಒರಗಿತ್ತು. ಇಬ್ಬರೂ ಮೆಲ್ಲಗೆ ತೂಗುತ್ತಿದ್ದರು, ಕುಣಿಯುವವರ ಹಾಗೆ. ಅವನ ಕಿವಿಯಲ್ಲಿ ನೀಮಾ ಏನೋ ಪಿಸುಗುಟ್ಟಿದಳು. ಒಳಗೆಲ್ಲೋ ಇನ್ನೊಂದು ಹೆಣ್ಣು ದನಿ ಚಪ್ಪಾಳೆ ತಟ್ಟಿ ನಕ್ಕಿತು.

ಥೂ! ಇದೆಂಥ ಮನೆ!

ಸೊಣ್ಣಮ್ಮ ಫೋನು ಹಿಡಿದು ಫೋಟೋ ತೆಗೆದಳು. ನೀಮಾಳ ಮುಖ ನಿಚ್ಚಳವಾಗಿ ಬಂದಿತ್ತು. ಮರದಡಿಗೆ ಮರಳಿ ಇಮ್ಯಾನುಯಲ್‌ನ ವಾಟ್ಸಾಪಿಗೆ ಅದನ್ನು ಕಳಿಸಿದಳು. ಗಂಡನಾದವನಿಗೆ ತಿಳಿಯಬೇಕು.

ಕಳಿಸಿದ ಮರುಗಳಿಗೆಯೇ ನೀಮಾಳ ಮುಖವನ್ನು ಮತ್ತೆ ನೋಡಿದಳು. ದೂರದ ದೇಶದಿಂದ ಬಂದ ಎರಡು ಜೀವ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟರೆ ಕಣ್ಣಿಗೊತ್ತಿಕೊಂಡು ತಿಂದವರು. ಅವರ ಸಂಸಾರಕ್ಕೆ ನನ್ನ ಕೈಯಿಂದಲೇ ಬೆಂಕಿ ಬಿತ್ತೇ? ಅಳಿಸಿಬಿಡೋಣವೆಂದು ನೋಡಿದರೆ ಪಕ್ಕದಲ್ಲಿ ನೀಲಿ ಗೆರೆ ಬಿದ್ದಾಗಿತ್ತು. ಅವನು ನೋಡಿಬಿಟ್ಟಿದ್ದ.

ಇನ್ನು ಹಿಂಜರಿದು ಫಲವಿಲ್ಲ. "ನೋಡಪ್ಪ ನಿನ್ನ ಹೆಂಡ್ತಿ" ಎಂದು ಒಂದೊಂದೇ ಅಕ್ಷರ ಒತ್ತತೊಡಗಿದಳು. ಮುಗಿಯುವ ಮೊದಲೇ ಅವನಿಂದ ವಾಯ್ಸ್ ಮೆಸೇಜ್ ಬಂತು. ಬೈಗುಳವೋ ಅಳುವೋ ಎಂದು ಹೆದರುತ್ತ ಫೋನನ್ನು ಕಿವಿಗೆ ಹಿಡಿದಳು.

"ಆಂಟಿ! ಅಂಕಲ್ ಹೇಳ್ತಿದ್ರು, ನೀವು ಒಂದಿನ ಬಂದೇ ಬರ್ತೀರಾ ಅಂತ... ನೋಡಿ, ಆಕ್ಸಿಡೆಂಟ್ ಆದ್ಮೇಲೆ ಇವತ್ತೇ ಫಸ್ಟ್ ಟೈಮ್ ನಿಮ್ಮ ರೇವಂತ್ ಎದ್ದು ನಿಂತ!"