ಅಜ್ಜನ ಬೆನ್ನಿನ ಮೇಲಿನ ಕೃಷ್ಣ

ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕದಡಿದಾಗಲೆಲ್ಲ ನನಗೆ ಈಗಲೂ ಮುಖ ತುರಿಸುತ್ತದೆ.

ನಾನಾಗಿನ್ನೂ ಹಾಲುಹಲ್ಲಿನ ಹುಡುಗ. ಒಂದು ದಿನ ಮಧ್ಯಾಹ್ನ ಶಿವಮೊಗ್ಗದ ದುರ್ಗಿಗುಡಿಯ ಶಾಲೆಯೊಂದರಲ್ಲಿ ಕೃಷ್ಣವೇಷದ ಸ್ಪರ್ಧೆಯಿತ್ತು. ಭದ್ರಾವತಿಯಲ್ಲಿ ನಾಟಕದವರಿಗೆ ಬಣ್ಣ ಹಚ್ಚುತ್ತಿದ್ದ ಅಜ್ಜ, ಅದೇ ನೀಲಿಗೆ ಕೊಬ್ಬರಿ ಎಣ್ಣೆ ಸೇರಿಸಿ ಅಂಗೈಯಲ್ಲಿ ನುಣ್ಣಗೆ ತಿಕ್ಕಿ ನನ್ನ ಮುಖಕ್ಕೆಲ್ಲ ಬಳಿದ.

"ಹಿಂದೆ ಎಲ್ಲೋ ದೂರದ ಬೆಟ್ಟದ ಕಲ್ಲು ಅರೆದು ಈ ಬಣ್ಣ ಮಾಡ್ತಿದ್ರಂತೆ ಪುಟ್ಟ. ಚಿನ್ನದಷ್ಟು ದುಬಾರಿ. ಈಗ ನೋಡು, ನಿನ್ನಂಥ ಕೋತಿಗೂ ಸಿಗುತ್ತೆ. ಮುಖಕ್ಕೆ ಕೈ ಹಾಕ್ಬೇಡ, ಆಯ್ತಾ?"

ನಾನು ಕೈ ಹಾಕಲೇ ಇಲ್ಲ. ಸ್ಕೂಟರಿನಲ್ಲಿ ಅಜ್ಜನನ್ನು ಹಿಂದಿನಿಂದ ತಬ್ಬಿಕೊಂಡು, ಶಿವಮೊಗ್ಗದವರೆಗೂ ಸಾಕ್ಷಾತ್ ದೇವರ ಯೋಗನಿದ್ರೆಯಲ್ಲಿ ಗೊರಕೆ ಹೊಡೆದೆ. ಇಳಿದು ನೋಡಿದರೆ ಕೃಷ್ಣ ಅಜ್ಜನ ಬಿಳಿ ಜುಬ್ಬಕ್ಕೆ ವಲಸೆ ಹೋಗಿದ್ದ. ಹಣೆ, ಮೂಗು, ಬಾಯಿ ಎಲ್ಲವೂ ಅಲ್ಲಿ ಅಚ್ಚಾಗಿದ್ದವು. ನನಗೆ ಉಳಿದದ್ದು ಎರಡು ನೀಲಿ ಕಿವಿಗಳು. ಬಹುಮಾನ ಹೋಯಿತೆಂದು ಇಡೀ ಶಿವಮೊಗ್ಗಕ್ಕೆ ಕೇಳುವಂತೆ ಅತ್ತೆ.

ಹೆಸರು ಕರೆದಾಗ ಅಜ್ಜ ನನ್ನ ಕೈಹಿಡಿದು ವೇದಿಕೆ ಹತ್ತಿ, ಜನರಿಗೆ ಬೆನ್ನು ತೋರಿಸಿ ನಿಂತ. "ಕೃಷ್ಣ ಇಲ್ಲಿದಾನೆ ನೋಡ್ರಪ್ಪ. ಇವನು ಬರೀ ಕಿವಿ!"

ಬಹುಮಾನ ಬರಲಿಲ್ಲ. ಆದರೆ ಜನರ ನಗುವಿನಲ್ಲಿ ನನ್ನ ಅಳು ನಿಂತುಹೋಯಿತು.

ಸಂಜೆ ಅಜ್ಜಿ ಜುಬ್ಬವನ್ನು ನೆನೆಹಾಕಲು ಹೊರಟಳು.

"ಬಿಡೇ ಮಾರಾಯ್ತಿ," ಎಂದ ಅಜ್ಜ. "ದೊಡ್ಡವನಾದ್ಮೇಲೆ ಇವನು ಹಿಂಗೆ ತಬ್ಕೊಳ್ತಾನಾ?"

ಆ ಜುಬ್ಬ ಕೊನೆಗೆ ನನ್ನ ಬೀರುವಿಗೆ ಬಂತು. ಮೊನ್ನೆ ಅದರ ಬೆನ್ನಿಗೆ ಮುಖವಿಟ್ಟು ನೋಡಿದೆ. ಆ ಪುಟ್ಟ ಮೂಗಿನ ಅಚ್ಚಿನೊಳಗೆ ನನ್ನ ಮೂಗು ಹಿಡಿಯಲಿಲ್ಲ.